ಇಎಸ್‌ಐ ದುಡ್ಡು ಮುರಿದರೂ ಚಿಕಿತ್ಸೆ ಸಿಗಲಿಲ್ಲವೇ? ಹೀಗೆ ಮಾಡಿ

ಸಂಬಳದ ಚೀಟಿಯಲ್ಲಿ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ದುಡ್ಡು ಮುರಿದಿರುತ್ತಾರೆ. ಡಿಸ್ಪೆನ್ಸರಿಗೆ ಹೋದರೆ ‘ವಂತಿಗೆ ಕಟ್ಟಿಲ್ಲ’ ಎನ್ನುತ್ತಾರೆ. ಗಾರ್ಮೆಂಟ್ಸ್, ಹೌಸ್‌ಕೀಪಿಂಗ್, ಸೆಕ್ಯುರಿಟಿ ಕೆಲಸದವರು ಅಲ್ಲಿಂದಲೇ ವಾಪಸಾಗಿ, ಸಾಲ ಮಾಡಿ ಖಾಸಗಿ ಆಸ್ಪತ್ರೆ ಸೇರುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

1. ಲೆಕ್ಕ ತಾಳೆ ನೋಡಿ. ನಿಮ್ಮ ಪಾಲು ಶೇ 0.75, ಮಾಲೀಕರದು ಶೇ 3.25. ಸಂಬಳ 15,000 ರೂ. ಆದರೆ ನಿಮ್ಮಿಂದ 113 ರೂ. ಹೋಗಬೇಕು.

2. ಇಎಸ್‌ಐಸಿ (ಈ ವಿಮೆ ನಡೆಸುವ ನಿಗಮ) ವೆಬ್‌ಸೈಟಿನಲ್ಲಿ ನಿಮ್ಮ ವಿಮಾ ಸಂಖ್ಯೆ ಹಾಕಿ ವಂತಿಗೆ ವಿವರ ತೆಗೆಯಿರಿ.

3. ಎಲ್ಲರೂ ಎಡವುವುದು ಇಲ್ಲೇ. ಮೊತ್ತ ನೋಡಿ ಸುಮ್ಮನಾಗಬೇಡಿ, ತಿಂಗಳು ತಿಂಗಳಿನ ದಿನಗಳನ್ನು ಎಣಿಸಿ. ತಿಂಗಳೇ ಕಾಣದಿದ್ದರೆ ಹಣ ಕಟ್ಟಿಲ್ಲ. ‘0’ ದಿನ ಎಂದಿದ್ದರೆ ನಿಮ್ಮನ್ನು ರಜೆಯಲ್ಲಿದ್ದವರು ಅಥವಾ ಕೆಲಸ ಬಿಟ್ಟವರು ಎಂದು ತೋರಿಸಿರಬಹುದು. 26 ದಿನ ದುಡಿದವರಿಗೆ 10 ದಿನ ಹಾಕುವವರೂ ಇದ್ದಾರೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 78 ದಿನ ತುಂಬದಿದ್ದರೆ ಮುಂದಿನ ಜನವರಿ–ಜೂನ್‌ನಲ್ಲಿ ಕಾಯಿಲೆ ಬಿದ್ದಾಗ ರಜೆ ಭತ್ಯೆಗೆ ಕತ್ತರಿ.

ಎಚ್‌ಆರ್‌ನವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಚಲನ್ (ಹಣ ಕಟ್ಟಿದ ರಸೀದಿ) ಚಿತ್ರವನ್ನು ನಂಬಬೇಡಿ. ಅದು ಇಡೀ ಕಂಪನಿಯ ಮೊತ್ತ, ಅದರಲ್ಲಿ ನಿಮ್ಮ ಹೆಸರಿರುವುದಿಲ್ಲ. ‘ಹೊಸ ಇಎಸ್‌ಐ ನಂಬರ್ ಮಾಡಿಸಿಕೊಡ್ತೀನಿ’ ಎನ್ನುವ ಕಂಟ್ರಾಕ್ಟರ್‌ಗೂ ಒಪ್ಪಬೇಡಿ. ಎರಡು ನಂಬರಿನಲ್ಲಿ ಹಂಚಿಹೋದ ದಿನಗಳನ್ನು ಒಂದುಗೂಡಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ.

4. ಇಎಸ್‌ಐಸಿ ಶಾಖಾ ಕಚೇರಿಗೆ ಅರ್ಜಿ ಕೊಡಿ. ಬೆಂಗಳೂರಿನವರಿಗೆ ಬಿನ್ನಿಪೇಟೆಯ ಪ್ರಾದೇಶಿಕ ಕಚೇರಿಯೂ ಇದೆ. ಬಿಳಿ ಹಾಳೆ, ಕನ್ನಡ, ಒಂದೇ ಪುಟ ಸಾಕು. ಬಾಯಿಮಾತಿನ ದೂರಿಗೆ ಬೆಲೆಯಿಲ್ಲ. ಯಾವ ತಿಂಗಳು, ಎಷ್ಟು ದಿನ ದುಡಿದಿರಿ, ಎಷ್ಟು ಮುರಿದರು ಎಂದು ಬರೆಯಿರಿ. ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್, ಗುರುತಿನ ಚೀಟಿಯ ಪ್ರತಿ ಲಗತ್ತಿಸಿ. ಕಂಟ್ರಾಕ್ಟರ್ ಹೆಸರಿನ ಜೊತೆ ನೀವು ದುಡಿಯುವ ಕಂಪನಿಯ ಹೆಸರೂ ಇರಲಿ. ವಂತಿಗೆ ಕಟ್ಟಿಸುವ ಹೊಣೆ ಮುಖ್ಯ ಮಾಲೀಕರಾದ ಆ ಕಂಪನಿಯದ್ದೂ ಹೌದು. ಮಾಲೀಕರು ಕಟ್ಟದಿದ್ದರೂ ನಿಗಮ ನಿಮಗೆ ಸೌಲಭ್ಯ ಕೊಟ್ಟು, ಆ ಹಣವನ್ನು ಅವರಿಂದ ವಸೂಲು ಮಾಡಲು ಕಾನೂನಿನಲ್ಲಿ ಅವಕಾಶವಿದೆ. ಅದನ್ನೇ ಕೋರಿ ಒಂದು ಸಾಲು ಸೇರಿಸಿ. ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಬೀಳದೆ ಕೌಂಟರ್ ಬಿಡಬೇಡಿ.

5. ಸಹಾಯವಾಣಿ 1800 11 2526ಕ್ಕೂ ದೂರು ಹೇಳಿ.

ನಡುವೆ ತುರ್ತಾಗಿ ಹೊರಗಿನ ಆಸ್ಪತ್ರೆಗೆ ಸೇರಿದ್ದರೆ ಡಿಸ್ಚಾರ್ಜ್ ಸಮ್ಮರಿ, ಮೂಲ ಬಿಲ್ಲುಗಳನ್ನು ಎತ್ತಿಡಿ. ಖರ್ಚು ವಾಪಸ್ ಕೇಳುವಾಗ ಜೆರಾಕ್ಸ್ ನಡೆಯುವುದಿಲ್ಲ.