ಬಾವಿಗಿಳಿದ ನಮ್ಮ ರೋಬೋಟ್

ಶಾಲೆಯ ನೀಲಿ ಡ್ರಮ್ಮಿನಲ್ಲಿ ತೇಲದೆ, ಮುಳುಗದೆ ನಡುನೀರಲ್ಲಿ ನಿಂತಿದ್ದ ರೋಬೋಟ್, ಬಾವಿಗೆ ಬಿಟ್ಟ ದಿನ ನಾಲ್ಕೈದು ಮೀಟರ್ ಇಳಿದದ್ದೇ ಕಲ್ಲಿನಂತೆ ತಳ ಸೇರಿತು. ಮೇಲೇರಿಸುವ ಮೋಟಾರು ಪೂರ್ತಿ ಓಡಿದರೂ ಏಳಲಿಲ್ಲ. ಕೇಬಲ್ ಹಿಡಿದೇ ಎಳೆದುಕೊಂಡೆವು.

ನಾನು ಕೋಲಾರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಒಂಬತ್ತನೇ ತರಗತಿಯ ನಾಲ್ವರು ಮಕ್ಕಳ ಜೊತೆ ಸೇರಿ ಇದನ್ನು ಕಟ್ಟಿದೆ. ಸಮುದ್ರ ನಮಗೆ ದೂರ. ಆದರೆ 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ನಮ್ಮ ಕಡೆಯ ಕೆರೆಗಳಿಗೆ ಬರತೊಡಗಿದ ಮೇಲೆ ಬತ್ತಿದ್ದ ಬಾವಿಗಳಲ್ಲೂ ನೀರು ಕಾಣಿಸಿತು. ಒಬ್ಬ ಹುಡುಗಿಯ ದೊಡ್ಡಪ್ಪ ತಮ್ಮ ತೋಟದ ಬಾವಿ ಬಿಟ್ಟುಕೊಟ್ಟರು. ಈಜು ಬಲ್ಲ ಇಬ್ಬರು ದೊಡ್ಡವರು ಇಲ್ಲದೆ ಮಕ್ಕಳನ್ನು ಅದರ ಹತ್ತಿರ ಬಿಡುತ್ತಿರಲಿಲ್ಲ.

ಚೌಕಟ್ಟು ಅರ್ಧ ಇಂಚಿನ ಪಿವಿಸಿ ಪೈಪಿನದು, ಒಳಗೆ ಗಾಳಿ ಉಳಿಯದಂತೆ ಅಲ್ಲಲ್ಲಿ ತೂತು. ದೋಣಿಯ ನೀರು ಹೊರಹಾಕುವ 12 ವೋಲ್ಟಿನ ಬಿಲ್ಜ್ ಪಂಪಿನ ಮೋಟಾರಿನೊಳಕ್ಕೆ ನೀರು ಹೋಗುವುದಿಲ್ಲ. ಅಂಥವು ಮೂರು ತಂದು ಪ್ರೊಪೆಲ್ಲರ್ ಕೂರಿಸಿದೆವು. ಎರಡು ಮುಂದೆ ಹೋಗಲು, ತಿರುಗಲು, ಇನ್ನೊಂದು ಏರಿಳಿಯಲು. ಬ್ಯಾಟರಿ, ಫ್ಯೂಸು, ಸ್ವಿಚ್ಚು ದಡದಲ್ಲೇ. 230 ವೋಲ್ಟಿನ ಕರೆಂಟನ್ನು ಬಾವಿಯ ಕಡೆ ತರಲೇ ಇಲ್ಲ. ವೈಫೈ ನೀರಿನೊಳಗೆ ಸಾಗದು, ಹಾಗಾಗಿ ಕ್ಯಾಮೆರಾಕ್ಕೂ ಕೇಬಲ್ಲೇ ಗತಿ. ಮೊದಲು ತಂದ ತಂತಿ 0.5 ಚದರ ಮಿಲಿಮೀಟರಿನದು. 3 ಆಂಪಿಯರ್ ಎಳೆಯುವ ಮೋಟಾರಿಗೆ, 15 ಮೀಟರ್ ದಾಟಿ ಮುಟ್ಟುತ್ತಿದ್ದದ್ದು ಬರೀ 9 ವೋಲ್ಟ್. 1.5ರ ದಪ್ಪ ತಂತಿ ಹಾಕಿದ ಮೇಲೆ 11 ವೋಲ್ಟ್ ಸಿಕ್ಕಿತು.

ಮುಳುಗಿದ್ದೇಕೆಂದು ತಿಳಿಯಲು ಎರಡು ದಿನ ಹಿಡಿಯಿತು. ತೇಲಲೆಂದು ಮೆತ್ತನೆಯ ಫೋಮ್ ಕಟ್ಟಿದ್ದೆವು. ಅದೇ ಹುಡುಗಿ ಸೂಜಿಯಿಲ್ಲದ ಸಿರಿಂಜಿಗೆ ನೀರು ತುಂಬಿ, ಫೋಮಿನ ಚೂರು ಹಾಕಿ, ತುದಿಗೆ ಬೆರಳಿಟ್ಟು ಅದುಮಿದಳು. ಚೂರು ಕಣ್ಣೆದುರೇ ಕುಗ್ಗಿತು. "ಸಾರ್, ಬಾವೀಲೂ ಇದೇ ಆಗಿರೋದು!" 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು, ನಮ್ಮ ಬಾವಿಯ 8 ಮೀಟರಿನ ತಳದಲ್ಲಿ 1.8ರಷ್ಟು. ಫೋಮ್ ಕುಗ್ಗಿದಷ್ಟೂ ತೇಲುವ ಬಲ ಇಳಿಯುತ್ತದೆ, ಬಲ ಇಳಿದಷ್ಟೂ ರೋಬೋಟ್ ಆಳಕ್ಕೆ ಹೋಗುತ್ತದೆ, ಫೋಮ್ ಇನ್ನೂ ಕುಗ್ಗುತ್ತದೆ. ಆಳಸಮುದ್ರದ ಯಂತ್ರಗಳಿಗೆ ಗಾಜಿನ ಸೂಕ್ಷ್ಮ ಟೊಳ್ಳುಗುಂಡುಗಳನ್ನು ರಾಳದಲ್ಲಿ ಕಲಸಿದ ಗಟ್ಟಿ ಫೋಮ್ ಹಾಕುವುದು ಇದಕ್ಕೇ. ನಾವು ಎರಡೂ ತುದಿಗೆ ಕ್ಯಾಪ್ ಅಂಟಿಸಿದ ಪಿವಿಸಿ ಪೈಪಿನ ತುಂಡು ಕಟ್ಟಿದೆವು. ವಾಷರುಗಳನ್ನು ಒಂದೊಂದಾಗಿ ಸೇರಿಸಿ ತೂಕ ಸರಿಮಾಡಲು ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಆ ಮಧ್ಯಾಹ್ನ ನನಗೆ ಮೋಟಾರಿಗಿಂತ ಹೆಚ್ಚಿನದು.

ಓಡಿಸುವ ಕೆಲಸ ಅವಳಿಗೇ ಬಂತು. ಅವಳು ನೀರು ನೋಡುವ ಹಾಗಿಲ್ಲ, ಪರದೆಯೊಂದೇ. ಕೇಬಲ್ ಬಿಡುವವನು ಇನ್ನೊಬ್ಬ. ತಳದಲ್ಲಿ ಪ್ರೊಪೆಲ್ಲರ್ ಜೋರಾಗಿ ತಿರುಗಿದರೆ ಕೆಸರೆದ್ದು ಪರದೆಯೆಲ್ಲ ಕಂದು. ಆಗ ಅವಳು ಸ್ವಿಚ್ಚಿನಿಂದ ಕೈ ತೆಗೆದು ಸುಮ್ಮನೆ ಕಾಯುತ್ತಿದ್ದಳು. ಹಾಗೆ ಕಾದಾಗಲೇ ಬಿಂದಿಗೆಯೊಂದರ ಅಂಚು ಕಂಡಿತು. ತೋಟದ ಮನೆಯ ಅಜ್ಜಿ ಪರದೆಗೆ ಬಗ್ಗಿ ನೋಡಿ, "ನಮ್ಮದೇ ಕಣವ್ವ, ಪಾತಾಳಗರಡಿಗೂ ಸಿಕ್ಕಿರಲಿಲ್ಲ" ಎಂದರು. ಮರುದಿನ ಮುಂಭಾಗಕ್ಕೆ ಹಗ್ಗ ಕಟ್ಟಿದ ಕೊಕ್ಕೆ ಸಿಕ್ಕಿಸಿದೆವು. ನಾಲ್ಕನೇ ಸಲಕ್ಕೆ ಅದು ಬಿಂದಿಗೆಯ ಕಂಠಕ್ಕೆ ಬಿತ್ತು, ಹಗ್ಗವನ್ನು ಅಜ್ಜಿಯೇ ಎಳೆದರು.