ತಕ್ಕಡಿ ಒಪ್ಪಿದ ಮೇಲೇ ಕೋರ್ಟಿಗೆ ಇಳಿದೆ

ಕಳೆದ ತಿಂಗಳು 45 ದಾಟಿದವರ ಶಟಲ್ ಬ್ಯಾಡ್ಮಿಂಟನ್ ಡಬಲ್ಸ್‌ನಲ್ಲಿ ನಾವು ಸೆಮಿಫೈನಲ್ ತನಕ ಹೋದೆವು. ಕ್ವಾರ್ಟರ್ ಫೈನಲ್ ಮೂರು ಗೇಮ್ ಎಳೆಯಿತು, ಕೊನೇದು 21-18. ಮುಗಿದ ತಕ್ಷಣ, ಆಪರೇಷನ್ ಆಗಿದ್ದ ಎಡ ಮೊಣಕಾಲಿನ ಮೇಲೆ ಅಂಗೈ ಇಟ್ಟು ನೋಡಿದೆ. ಬಿಸಿ ಇಲ್ಲ, ಊತ ಇಲ್ಲ. ಮಾರನೇ ದಿನ ಬೆಳಿಗ್ಗೆಯೂ ಇರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. "ನಿನ್ನ ಆಟ ಮುಗೀತು ಬಿಡಪ್ಪ, ಇನ್ಮೇಲೆ ಕುಂದುವಾಡ ಕೆರೆ ಸುತ್ತು ಹೊಡಿ" ಅಂದಿದ್ದವರು ಆವತ್ತು ಕೋರ್ಟಿನ ಪಕ್ಕದಲ್ಲೇ ಕೂತಿದ್ದರು.

ನಾನು ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ ನಡೆಸುವವನು. ಶಟಲ್ ಹಿಡಿದು 20 ವರ್ಷದ ಮೇಲಾಯಿತು. 2022ರ ಜುಲೈನಲ್ಲಿ ಕಾಲು ಹೋಯಿತು. ಹೇಗೆ ಅಂತ ಆಡುವವರಿಗೆ ಹೇಳಬೇಕಿಲ್ಲ. ಬ್ಯಾಕ್‌ಹ್ಯಾಂಡ್ ಮೂಲೆಗೆ, ಅಂದರೆ ಹಿಂದಿನ ಎಡ ಮೂಲೆಗೆ, ಕಾಕ್ ಬಂತು. ಹಿಂದೆ ಬಾಗಿ ತಲೆ ಮೇಲಿಂದ ಹೊಡೆದೆ. ಎಡಗಾಲೊಂದರ ಮೇಲೆ ಇಳಿದೆ. ಟಕ್ ಅಂತು. ಬಲಗೈ ಆಟಗಾರರ ಎಡ ಮೊಣಕಾಲು ಹೋಗುವುದು ಜಾಸ್ತಿ ಹೀಗೇ. ಎಸಿಎಲ್, ಅಂದರೆ ಮೊಣಕಾಲಿನೊಳಗೆ ಮೂಳೆಗಳನ್ನು ಹಿಡಿದಿಡುವ ಹುರಿ, ಪೂರ್ತಿ ಕಿತ್ತಿತ್ತು. ಮೂಳೆಗಳ ಮಧ್ಯದ ಮೆತ್ತೆ, ಮೆನಿಸ್ಕಸ್ ಕೂಡ ಹರಿದಿತ್ತು. ಆಗಸ್ಟ್ ಕೊನೆಯಲ್ಲಿ ಆಪರೇಷನ್. ತೊಡೆ ಹಿಂದಿನ ಸ್ನಾಯುವಿನ ತುದಿಯ ಹುರಿಯಿಂದಲೇ ಗ್ರಾಫ್ಟ್, ಅಂದರೆ ಕಿತ್ತದ್ದರ ಜಾಗಕ್ಕೆ ಕೂರಿಸುವ ತುಂಡು, ತೆಗೆದು ಹಾಕಿದರು, ಮೆನಿಸ್ಕಸ್‌ಗೆ ಹೊಲಿಗೆ ಹಾಕಿದರು. ಆರು ವಾರ ಕಾಲು ಊರುವಂತಿಲ್ಲ.

ಬಿಲ್ಲು ಸುಮಾರು 2 ಲಕ್ಷ 10 ಸಾವಿರ. ಇನ್ಶೂರೆನ್ಸ್ ಇತ್ತು, ಪೂರ್ತಿ ಬರುತ್ತೆ ಅಂದುಕೊಂಡಿದ್ದೆ. ನಾನು ತಗೊಂಡ ರೂಮು ಪಾಲಿಸಿಯ ಮಿತಿಗಿಂತ ದುಬಾರಿ. ರೂಮಿನ ವ್ಯತ್ಯಾಸವಷ್ಟೇ ಅಲ್ಲ, ಅದೇ ಲೆಕ್ಕದಲ್ಲಿ ಡಾಕ್ಟರ್ ಫೀಸು, ಥಿಯೇಟರ್ ಚಾರ್ಜು ಎಲ್ಲದರಲ್ಲೂ ಕತ್ತರಿಸಿದರು. ಹತ್ತಿರ ಹತ್ತಿರ 50 ಸಾವಿರ ಕೈಯಿಂದ ಹೋಯಿತು. ಅಡ್ಮಿಟ್ ಆಗುವ ಮುಂಚೆ ಪಾಲಿಸಿಯಲ್ಲಿ ರೂಮ್ ಬಾಡಿಗೆ ಮಿತಿ ನೋಡಿಕೊಳ್ಳಿ, ಮೊದಲು ಅದನ್ನೇ ನೋಡಿ.

ಮನೆಗೆ ಬಂದ ಮೇಲಿನ ಮೊದಲ ತಪ್ಪು ನನ್ನದೇ. ನೋವು ಕಡಿಮೆ ಅನ್ನಿಸುತ್ತೆ ಅಂತ ಮೊಣಕಾಲಿನ ಕೆಳಗೆ ದಿಂಬು ಇಟ್ಟು ಮಲಗುತ್ತಿದ್ದೆ. ಬೇಡ ಅಂತ ಫಿಸಿಯೋ ಹುಡುಗಿ ಹೇಳಿದ್ದಳು, ರಾತ್ರಿ ಹೊತ್ತು ಯಾರು ನೋಡುತ್ತಾರೆ? ಐದನೇ ವಾರಕ್ಕೆ ಕಾಲು ಪೂರ್ತಿ ನೇರ ಆಗುತ್ತಿರಲಿಲ್ಲ. ಆರೇಳು ಡಿಗ್ರಿ ಬಾಕಿ. ಕೇಳಿದರೆ ಏನೂ ಅಲ್ಲ ಅನ್ನಿಸುತ್ತೆ, ಆದರೆ ಅಷ್ಟು ಬಾಕಿ ಇದ್ದರೆ ನಡಿಗೆಯೇ ಕುಂಟು, ತೊಡೆ ಸ್ನಾಯು ಏಳುವುದೇ ಇಲ್ಲ. ಅದನ್ನು ಸರಿ ಮಾಡಲು ಎರಡು ತಿಂಗಳು ಹಿಡಿಯಿತು. ಹಿಮ್ಮಡಿ ಕೆಳಗೆ ಟವೆಲ್ ಸುರುಳಿ, ಮೊಣಕಾಲಿನ ಮೇಲೆ 2 ಕೆಜಿ ಜೋಳದ ಚೀಲ, ದಿನಕ್ಕೆ ನಾಲ್ಕು ಸಲ ಹತ್ತತ್ತು ನಿಮಿಷ. ಚೀಲ ಹೊಲಿದುಕೊಟ್ಟದ್ದು ನನ್ನ ಹೆಂಡತಿ, ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ. ಆ ವರ್ಷದ ಹೊಸ ಮಾಲು ಬರುವ ಹೊತ್ತಿಗೆ ಅಂಗಡಿಯಲ್ಲಿ ಎರಡು ಕುರ್ಚಿ ಹಾಕಿ ಅಲ್ಲೇ ಕಾಲು ಚಾಚಿ ಕೂತು ಹರಾಜು ನೋಡಿಕೊಂಡೆ.

ಮಧ್ಯೆ ಎಣ್ಣೆ ಉಜ್ಜುವವರ ಹತ್ತಿರವೂ ಹೋದೆ. ಐದು ಸಾವಿರ ಹೋಯಿತು, ಕಾಲು ಇದ್ದ ಹಾಗೇ ಇತ್ತು. ಪಕ್ಕದಲ್ಲಿ ಕಬ್ಬಿಣದ ಪಟ್ಟಿ ಇರುವ ಬ್ರೇಸ್ 9 ಸಾವಿರ ಕೊಟ್ಟು ತರಿಸಿದೆ. ಈಗ ಬೀರುವಿನ ಮೇಲಿದೆ.

ಸಂಕ್ರಾಂತಿ ಬಂತು. ಆಪರೇಷನ್ ಆಗಿ ನಾಲ್ಕೂವರೆ ತಿಂಗಳು. ನೋವು ಇಲ್ಲ, ಸ್ಕೂಟರ್ ಓಡಿಸುತ್ತಿದ್ದೆ, ಮೆಟ್ಟಿಲು ಹತ್ತುತ್ತಿದ್ದೆ. "ಸುಮ್ನೆ ಎರಡು ಗೇಮ್ ಆಡೋಣ ಬಾರಣ್ಣ, ನೆಟ್ ಹತ್ರನೇ ನಿಂತ್ಕೋ" ಅಂದರು. ನಿಂತೆ. ಎರಡನೇ ಗೇಮಿನಲ್ಲಿ ಕೈ ತಡೆಯಲಿಲ್ಲ, ಹಿಂದೆ ಹೋಗಿ ಒಂದು ಸ್ಮ್ಯಾಶ್ ಹೊಡೆದೆ. ರಾತ್ರಿಗೆ ಮೊಣಕಾಲು ತೆಂಗಿನಕಾಯಿ ಆಯಿತು. ಪುಣ್ಯಕ್ಕೆ ಗ್ರಾಫ್ಟ್ ಉಳಿದಿತ್ತು. ಮೂರು ವಾರ ಐಸು, ಮತ್ತೆ ಸೊನ್ನೆಯಿಂದ ಶುರು.

ಆ ಮೂರು ವಾರದಲ್ಲೇ ನನಗೆ ಹೊಳೆದದ್ದು. ನಮ್ಮ ಅಂಗಡಿಯಲ್ಲಿ ಕಣ್ಣಳತೆ ಮೇಲೆ ಯಾರೂ ಚೀಲ ಕೊಡುವುದಿಲ್ಲ, ತೂಕ ಹಾಕಿಯೇ ಕೊಡುತ್ತೇವೆ. ಕಾಲಿನ ವಿಷಯದಲ್ಲಿ ಮಾತ್ರ ನೋವಿಲ್ಲ, ತಿಂಗಳು ಆಯಿತು ಅಂತ ಅಂದಾಜಿನ ಮೇಲೆ ಇಳಿದಿದ್ದೆ. ತೊಡೆ ಬಲ ಅಳೆಯುವ ದೊಡ್ಡ ಮಷಿನ್ ಇದೆ, ಅದಕ್ಕಾಗಿ ಪ್ರತಿ ತಿಂಗಳು ಬೆಂಗಳೂರಿಗೆ ಹೋಗಿ ಬರಲು ಆಗುತ್ತಾ? ಅಂಗಡಿಯಲ್ಲಿ ಕೊಕ್ಕೆ ಇರುವ ಡಿಜಿಟಲ್ ನೇತು ತಕ್ಕಡಿ ಇತ್ತು. ಅದನ್ನೇ ಬಳಸಿದೆ.

ಎತ್ತರದ ಬೆಂಚು, ಅದರ ಹಿಂದೆ ಗೋಡೆಗೆ ಗಟ್ಟಿ ಹುಕ್ಕು. ಹುಕ್ಕಿಗೆ ತಕ್ಕಡಿ, ತಕ್ಕಡಿಯಿಂದ ಪಟ್ಟಿ, ಪಟ್ಟಿ ಕಣಕಾಲಿಗೆ. ಮೊಣಕಾಲು 90 ಡಿಗ್ರಿ ಮಡಚಿ ಕೂತು, ಕಾಲು ಮುಂದಕ್ಕೆ ಒದೆಯುವ ಹಾಗೆ ಐದು ಸೆಕೆಂಡ್ ಒತ್ತಬೇಕು. ಕಾಲು ಅಲುಗುವುದಿಲ್ಲ, ತಕ್ಕಡಿಯಲ್ಲಿ ಅಂಕಿ ಬರುತ್ತದೆ. ಮೂರು ಸಲ ಎಳೆದು ಹೆಚ್ಚಿನದ್ದು ಬರೆದುಕೊಳ್ಳಬೇಕು. ಫಿಸಿಯೋಗೆ ತೋರಿಸಿದೆ. ಮೊದಲು ನಕ್ಕಳು. ಆಮೇಲೆ ತಾನೇ ಕೂತು ಎಳೆದು ನೋಡಿ, "ಅಂಕಲ್, 90 ಡಿಗ್ರಿಯಲ್ಲಿ ಗ್ರಾಫ್ಟ್ ಮೇಲೆ ಎಳೆತ ಕಡಿಮೆ, ಮಾಡಿ. ಆದರೆ ಕಾಲು ನೇರಕ್ಕೆ ತಂದು ಮಾಡಬೇಡಿ" ಅಂದಳು. ನೀವು ಮಾಡುವುದಾದರೆ ನಿಮ್ಮ ಫಿಸಿಯೋನ ಕೇಳಿಯೇ ಮಾಡಿ. ಪಟ್ಟಿ ಕಾಲಿಗೆ ಕೊರೆಯದ ಹಾಗೆ, ಎರಡೂ ಕಾಲಿಗೆ ಅದೇ ಜಾಗದಲ್ಲಿ ಕೂರುವ ಹಾಗೆ ಕಟ್ಟುವ ಒಂದು ರೀತಿ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅಂಗಡಿಗೆ ಬಂದರೆ ತೋರಿಸುತ್ತೇನೆ.

ಮೊದಲ ದಿನ ಎಡಗಾಲು 29 ಕೆಜಿ. ಬಲಗಾಲು ಎಳೆದರೆ ತಕ್ಕಡಿ ಎರರ್ ತೋರಿಸಿತು. ಅದು 50 ಕೆಜಿ ತಕ್ಕಡಿ. ಸಾವಿರ ಚಿಲ್ಲರೆ ಕೊಟ್ಟು 100 ಕೆಜಿಯದು ತಂದೆ. ಬಲಗಾಲು 54 ಬಂತು. ಅಂದರೆ ಎಡಗಾಲಿನಲ್ಲಿ ಅರ್ಧಕ್ಕಿಂತ ಚೂರೇ ಮೇಲಿನ ಶಕ್ತಿ ಇಟ್ಟುಕೊಂಡು ನಾನು ಸಂಕ್ರಾಂತಿಗೆ ಸ್ಮ್ಯಾಶ್ ಹೊಡೆದಿದ್ದೆ! ಆವತ್ತೇ ಗೋಡೆ ಮೇಲೆ ಚಾಕ್‌ಪೀಸಿನಲ್ಲಿ ಬರೆದೆ: ಎಡಗಾಲು, ಬಲಗಾಲಿನ 90 ಪರ್ಸೆಂಟ್ ಆಗುವ ತನಕ ಕೋರ್ಟಿಲ್ಲ. ಜೊತೆಗೆ 9 ತಿಂಗಳು ತುಂಬಲೇಬೇಕು. ಎಸಿಎಲ್ ಆಪರೇಷನ್ ಆದವರ ಮೇಲೆ ಅಮೆರಿಕ, ನಾರ್ವೆಯವರು ಮಾಡಿದ 2016ರ ಡೆಲವೇರ್-ಓಸ್ಲೋ ಅಧ್ಯಯನದಲ್ಲಿ, ಆಟಕ್ಕೆ ಮರಳುವುದನ್ನು 9 ತಿಂಗಳವರೆಗೆ ಒಂದೊಂದು ತಿಂಗಳು ತಡೆದಷ್ಟೂ ಮತ್ತೆ ಪೆಟ್ಟಾಗುವುದು ಹೆಚ್ಚುಕಡಿಮೆ ಅರ್ಧಕ್ಕರ್ಧ ಇಳಿದಿತ್ತಂತೆ, ಅದನ್ನು ಫಿಸಿಯೋನೇ ಓದಿ ಹೇಳಿದಳು.

ಒಂದು ಎಚ್ಚರ. ಆಪರೇಷನ್ ಆಗದ ಕಾಲೂ ಈ ತಿಂಗಳುಗಳಲ್ಲಿ ಸೊರಗುತ್ತದೆ. ಅದಕ್ಕೆ ಹೋಲಿಸಿದರೆ ಪರ್ಸೆಂಟ್ ಸುಳ್ಳು ಹೇಳುತ್ತೆ. ನಾನು ಎರಡೂ ಕಾಲಿಗೆ ಕೆಲಸ ಕೊಟ್ಟೆ. ಮಾರ್ಚ್‌ನಲ್ಲಿ ಎಡ 37. ಏಪ್ರಿಲ್‌ನಲ್ಲಿ ಮತ್ತೆ 37, ಒಂದು ಗುಂಜಿ ಏರಲಿಲ್ಲ. ಬಿಸಿಲಿಗೆ ಊಟ ಸೇರುತ್ತಿರಲಿಲ್ಲ, ಸಂಜೆಗೆ ಮಿರ್ಚಿ ಮಂಡಕ್ಕಿಯೇ ಊಟ ಆಗಿತ್ತು. ನಮ್ಮ ಮನೆಯಲ್ಲಿ ಮೊಟ್ಟೆಯೂ ಇಲ್ಲ. ಮೊಳಕೆ ಹೆಸರುಕಾಳು, ಪನೀರು, ಬೆಳಿಗ್ಗೆ ಒಂದು ಲೋಟ ಪ್ರೋಟೀನ್ ಪುಡಿ ಶುರು ಮಾಡಿದೆ. ಪುಡಿಗೆ ತಿಂಗಳಿಗೆ ಎರಡೂವರೆ ಸಾವಿರ. ಎಲೆಕ್ಷನ್ ಮುಗಿದ ಮೇಲೆ, ಮೇ ಕೊನೆಯಲ್ಲಿ, ಎಡ 45. ಬಲ 55. ಒಂಬತ್ತು ತಿಂಗಳು ತುಂಬಿತ್ತು, ಆದರೆ 82 ಪರ್ಸೆಂಟ್. ಇಳಿಯಲಿಲ್ಲ. ಗೆಳೆಯರು ಬೇಜಾರು ಮಾಡಿಕೊಂಡರು. "ಡಾಕ್ಟ್ರೇ ಓಕೆ ಅಂದ್ರಂತೆ, ನಿನ್ನ ತಕ್ಕಡಿ ಏನು ಅವರಿಗಿಂತ ದೊಡ್ಡದಾ?" ಅಂತ ಕೇಳಿದರು.

ಕಾಯುವ ಆ ಮೂರು ತಿಂಗಳಲ್ಲಿ ಏನೇನೋ ಮಾಡಿ ನೋಡಿದೆ. ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು ಗೋಡೆಗೆ ಕಾಕ್ ಹೊಡೆಯುವುದು, ದಿನಕ್ಕೆ 300 ಸಲ. ಕಾಲಿನ ಸಹಾಯ ಇಲ್ಲದೆ ಬರೀ ಮಣಿಕಟ್ಟಿನಿಂದ ಹೊಡೆಯಬೇಕಲ್ಲ, ಈಗ ನೆಟ್ ಮುಂದೆ ನನ್ನ ಕೈ ಮೊದಲಿಗಿಂತ ಚುರುಕು. ಅದರಿಂದ ಒಂದು ಹೊಸ ಸರ್ವೂ ಹುಟ್ಟಿತು. ಅದರ ಬಗ್ಗೆ ಇನ್ನೊಂದು ಟೂರ್ನಮೆಂಟ್ ಆಗುವ ತನಕ ಬಾಯಿ ಬಿಡಲ್ಲ.

ಭಾನುವಾರ ಬೆಳಿಗ್ಗೆ ಚಿತ್ರದುರ್ಗದ ಕೋಟೆಗೆ ಹೋಗುತ್ತಿದ್ದೆ. ಹೈವೇಯಲ್ಲಿ ಒಂದು ಗಂಟೆ ದಾರಿ. ಬಾಗಿಲು ತೆಗೆಯುವ ಹೊತ್ತಿಗೆ ಒಳಗಿದ್ದರೆ ಬಿಸಿಲು ತಪ್ಪುತ್ತದೆ. ಏಕನಾಥೇಶ್ವರಿ ಗುಡಿ ತನಕ ಹತ್ತುವುದು ಸುಲಭ ಆಯಿತು. ಇಳಿಯುವುದೇ ಪರೀಕ್ಷೆ. ಆ ನುಣುಪು ಬಂಡೆ ಮೆಟ್ಟಿಲಲ್ಲಿ ಬಲಗಾಲು ಕೆಳಗಿಡುವಾಗ ಮೈಭಾರವೆಲ್ಲ ಎಡಗಾಲಿನ ಮೇಲೆ. ಮೊದಲ ಭಾನುವಾರ ತೊಡೆ ಗಡಗಡ ನಡುಗಿತು, ಮೊಣಕಾಲು ಒಳಗಡೆಗೆ ವಾಲುತ್ತಿತ್ತು. ನನ್ನ ಮಗಳು ಕೆಳಗೆ ನಿಂತು ಮೊಬೈಲಿನಲ್ಲಿ ವಿಡಿಯೋ ಹಿಡಿದಳು. ಆ ವಾಲುವುದನ್ನು ಕಣ್ಣಾರೆ ನೋಡಿದ ಮೇಲೆ, ಮೊಣಕಾಲು ಕಿರುಬೆರಳಿನ ಕಡೆ ಹೋಗಲಿ ಅಂತ ಪ್ರತಿ ಮೆಟ್ಟಿಲಿಗೂ ಮನಸ್ಸಿನಲ್ಲೇ ಹೇಳಿಕೊಂಡು ಇಳಿದೆ. ಏಳೆಂಟು ಭಾನುವಾರ ಆದ ಮೇಲೆ ಓಬವ್ವನ ಕಿಂಡಿ ಹತ್ತಿರ ಬಗ್ಗಿ, ಕೈ ಊರದೆ, ಎಡಗಾಲಿನಲ್ಲೇ ನಿಧಾನ ಇಳಿದೆ. ಆ ವಿಡಿಯೋ ಇನ್ನೂ ಇಟ್ಟುಕೊಂಡಿದ್ದೇನೆ.

ಆಗದೇ ಇದ್ದದ್ದು: ಎಪಿಎಂಸಿಯ ಸಿಮೆಂಟ್ ಕಣದಲ್ಲಿ ಫುಟ್‌ವರ್ಕ್ ಮಾಡಿದ್ದು. ಎರಡೇ ದಿನಕ್ಕೆ ಮೊಣಚಿಪ್ಪಿನ ಕೆಳಗೆ ನೋವು. ಸಿಮೆಂಟಿನ ಮೇಲೆ ಜಿಗಿಯಬೇಡಿ.

ಆಗಸ್ಟ್ ಕೊನೆಗೆ, ಆಪರೇಷನ್ ಆಗಿ ಸರಿಯಾಗಿ ಒಂದು ವರ್ಷ. ಎಡ 52, ಬಲ 56. ಒಂಟಿ ಕಾಲಿನ ಜಿಗಿತ ಎಡ 128 ಸೆಂಟಿಮೀಟರ್, ಬಲ ಸುಮಾರು 136. ಆವತ್ತು ರಾತ್ರಿ ರಾಕೆಟ್‌ಗೆ ಹೊಸ ಗಟ್ (ತಂತಿ) ಹಾಕಿಸಿದೆ. ಮೊದಲ ಎರಡು ವಾರ ಅರ್ಧ ಕೋರ್ಟು, 15 ನಿಮಿಷ. ಮೂರನೇ ವಾರದಿಂದ ಡಬಲ್ಸ್, ಮ್ಯಾಟ್ ಹಾಸಿದ ಮರದ ಕೋರ್ಟಿನಲ್ಲಿ ಮಾತ್ರ. ಜಂಪ್ ಸ್ಮ್ಯಾಶ್ ಹೊಸ ವರ್ಷದ ನಂತರ. ಬ್ಯಾಕ್‌ಹ್ಯಾಂಡ್ ಮೂಲೆಗೆ ಬಂದ ಕಾಕನ್ನು ಈಗ ತಲೆ ಮೇಲಿಂದ ಹೊಡೆಯುವ ಬದಲು ತಿರುಗಿ ಬ್ಯಾಕ್‌ಹ್ಯಾಂಡಿನಲ್ಲೇ ಎತ್ತುತ್ತೇನೆ. ಒಂದೆರಡು ಪಾಯಿಂಟ್ ಹೋಗುತ್ತೆ, ಹೋಗಲಿ.

ಫಿಸಿಯೋಗೆ ಒಟ್ಟು 60 ಸಲ ಹೋಗಿರಬಹುದು, ಸಲಕ್ಕೆ 450ರಂತೆ 27 ಸಾವಿರ. ಅಷ್ಟು ಖರ್ಚಿನಲ್ಲಿ ಒಂದು ರೂಪಾಯಿಯೂ ದಂಡ ಅಲ್ಲ. ತೊಡೆ ಹಿಂಭಾಗ, ಅಂದರೆ ಗ್ರಾಫ್ಟ್ ತೆಗೆದ ಜಾಗ, ಇವತ್ತಿಗೂ ಬಲಗಾಲಿನಷ್ಟು ಬಂದಿಲ್ಲ. ಬೋರಲು ಮಲಗಿ ಎಳೆದರೆ ಎಡ 26, ಬಲ 30. ವಾರಕ್ಕೆ ಎರಡು ದಿನ ಅದರ ಕೆಲಸ ನಡೆದೇ ಇದೆ.

ನಮ್ಮ ಕ್ಲಬ್ಬಿನಲ್ಲಿ ಇನ್ನಿಬ್ಬರಿಗೆ ಎಸಿಎಲ್ ಆಗಿದೆ. ಅದರಲ್ಲೊಬ್ಬ ತಕ್ಕಡಿ ಬಗ್ಗೆ ಎಲ್ಲರಿಗಿಂತ ಜಾಸ್ತಿ ಮಾತಾಡಿದ್ದವನು. ಮೊನ್ನೆ ಸೋಮವಾರ ವ್ಯಾಪಾರ ಮುಗಿದ ಮೇಲೆ ಅಂಗಡಿಗೆ ಬಂದ. ಬೆಂಚಿನ ಮೇಲೆ ಕೂರಿಸಿ ಪಟ್ಟಿ ಕಟ್ಟಿದೆ. ಹಮಾಲರೂ ಸುತ್ತ ನಿಂತು "ಎಳೀರಿ ಸಾವ್ಕಾರ್ರೇ, ಎಳೀರಿ" ಅಂದರು. ಬಲ 38, ಎಡ 51. ಆತನಿಗೆ ಆಪರೇಷನ್ ಆಗಿರುವುದು ಬಲಗಾಲಿಗೆ. ಆರೂವರೆ ತಿಂಗಳಾಗಿದೆ. "ಈ ಭಾನುವಾರ ಎರಡು ಗೇಮ್ ಆಡ್ಲಾ?" ಅಂದ. ಗೋಡೆ ಮೇಲಿನ ಚಾಕ್‌ಪೀಸ್ ಬರಹ ತೋರಿಸಿ, ಅದರ ಕೆಳಗೆ ಆತನ ಅಂಕಿ ಬರೆದೆ. ಮುಂದಿನ ತಿಂಗಳು ಮೊದಲ ಸೋಮವಾರ ಮತ್ತೆ ಬರುತ್ತೇನೆ ಅಂದು ಹೋಗಿದ್ದಾನೆ.