ತುಲಾಭಾರದಿಂದ ನೆನಪಲ್ಲಿ ಉಳಿದ ಲ್ಯಾಟಿನ್ ಕ್ರಿಯಾಪದ

ಹವ್ಯಾಸಕ್ಕೆ ಅಂತ ಲ್ಯಾಟಿನ್ ಕಲಿಯಲು ಕೂತವನನ್ನು ಒಂದು ಪುಟ್ಟ ವಾಕ್ಯ ತಡೆದು ನಿಲ್ಲಿಸಿತು: 'ಪುಯೆರ್ ಅಕ್ವಮ್ ತುಲಿತ್'. ಪುಯೆರ್ ಅಂದರೆ ಹುಡುಗ, ಅಕ್ವ ಅಂದರೆ ನೀರು. ತುಲಿತ್? ಕೊನೆಗೆ 'ಇತ್' ಇದೆಯಲ್ಲ, ವರ್ತಮಾನ ಕಾಲ ಇರಬೇಕು ಅಂದುಕೊಂಡು ಪದಪಟ್ಟಿಯಲ್ಲಿ 'ತುಲೋ' ಹುಡುಕಿದೆ. ಇರಲಿಲ್ಲ. ಅರ್ಧ ಗಂಟೆ ಸುಮ್ನೆ ಹಾಳಾಯಿತು. ಅದು ಭೂತಕಾಲ, 'ತಂದನು'. ಅದರ ಮನೆ ಇದ್ದದ್ದು 'ಫೆರೋ' ಅನ್ನುವ ಪದದ ಕೆಳಗೆ!

ಲ್ಯಾಟಿನ್ ನಿಘಂಟಿನಲ್ಲಿ ಸಾಮಾನ್ಯವಾಗಿ ಒಂದು ಕ್ರಿಯಾಪದಕ್ಕೆ ನಾಲ್ಕು ರೂಪ ಕೊಟ್ಟಿರುತ್ತಾರೆ. ಇದರದ್ದು ಫೆರೋ, ಫೆರ್ರೆ, ತುಲೀ, ಲಾತುಮ್. ಹೊರುತ್ತೇನೆ, ಹೊರುವುದು, ಹೊತ್ತೆ, ಹೊರಲಿಕ್ಕೆ. ಹೊರು, ತರು, ತಾಳಿಕೋ, ಮೂರಕ್ಕೂ ಇದೇ ಪದ. 'ಫೆರುಂತ್' ಅಂದರೆ 'ಹೊರುತ್ತಾರೆ'. 'ಹಾಗಂತ ಜನ ಹೇಳ್ತಾರೆ' ಅನ್ನುವುದಕ್ಕೂ ಅದೇ.

ಒಂದೇ ಪದಕ್ಕೆ ಇಷ್ಟು ಬೇರೆ ಬೇರೆ ಮುಖ ಯಾಕೆ? ಮೂಲದಲ್ಲಿ ಇವು ಎರಡು ಧಾತುಗಳು. ಫೆರೋ ನಮ್ಮ ಸಂಸ್ಕೃತದ 'ಭೃ' ಧಾತುವಿನ ನೆಂಟ. ಪದದ ಮೊದಲಿನ 'ಭ' ಲ್ಯಾಟಿನ್‌ನಲ್ಲಿ 'ಫ' ಆಗುತ್ತದೆ: ಭ್ರಾತೃ ಅಲ್ಲಿ ಫ್ರಾತೆರ್. ಕನ್ನಡದಲ್ಲಿ ನಾವು ಖರ್ಚು ಭರಿಸುತ್ತೇವಲ್ಲ, ಅದೇ ಭೃ. ತುಲೀ ಬಂದದ್ದು 'ಎತ್ತು' ಅನ್ನುವ ಅರ್ಥದ ಇನ್ನೊಂದು ಧಾತುವಿನಿಂದ. ಸಂಸ್ಕೃತದ 'ತುಲಾ', ಅಂದರೆ ತಕ್ಕಡಿ, ಅದರದ್ದೇ ಕುಡಿ. ಲಾತುಮ್ ಕೂಡ ಮೊದಲು 'ತ್ಲಾತುಮ್' ಆಗಿತ್ತು, ಮುಂದಿನ 'ತ್' ಉದುರಿಹೋಯಿತು.

ತುಲಾ, ಮತ್ತೆ ಭೃ ಧಾತುವಿನದೇ ಆದ ಭಾರ. ಎರಡನ್ನೂ ಪುಸ್ತಕದ ಅಂಚಿನಲ್ಲಿ ಒಂದರ ಪಕ್ಕ ಒಂದು ಬರೆದು ನೋಡಿದೆ. ದೇವಸ್ಥಾನದಲ್ಲಿ ಮಗುವನ್ನು ತಕ್ಕಡಿಯಲ್ಲಿ ಕೂರಿಸಿ ಬೆಲ್ಲ, ಬಾಳೆಹಣ್ಣು ತೂಗುವ ತುಲಾಭಾರ! ಲ್ಯಾಟಿನ್‌ನವರು ಒಂದು ಕ್ರಿಯಾಪದದಲ್ಲಿ ಹೊಲಿದ ಎರಡು ಧಾತುಗಳನ್ನೇ ನಾವು ಒಂದು ಹರಕೆಯ ಹೆಸರಲ್ಲಿ ಇಟ್ಟುಕೊಂಡಿದ್ದೇವೆ. ಆಮೇಲೆ ತುಲೀ ಮರೆಯಲೇ ಇಲ್ಲ.

ರೂಪಗಳನ್ನು ಕನ್ನಡ ಲಿಪಿಯಲ್ಲೇ ಬರೆದು ಬಾಯಿಪಾಠ ಮಾಡಿದೆ: ಫೆರೋ, ಫೆರ್ಸ್, ಫೆರ್ತ್, ಫೆರಿಮುಸ್, ಫೆರ್ತಿಸ್, ಫೆರುಂತ್. ಪಕ್ಕದಲ್ಲಿ ಭರಾಮಿ, ಭರಸಿ, ಭರತಿ, ಭರಾಮಃ, ಭರಥ, ಭರಂತಿ. ('ಫ' ಅನ್ನು ಫ್ಯಾನ್‌ನಲ್ಲಿ ಹೇಳುವಂತೆ ಹೇಳಬೇಕು. 'ತ'ವನ್ನು 'ಟ' ಮಾಡಬೇಡಿ.) ಕನ್ನಡ ಲಿಪಿ ಇಲ್ಲಿ ನಿಜಕ್ಕೂ ಉಪಕಾರಿ. ನಮ್ಮಲ್ಲಿ ಎ, ಏ ಬೇರೆ. ಒ, ಓ ಬೇರೆ. ಲ್ಯಾಟಿನ್‌ನಲ್ಲೂ ಹಾಗೇ. ಇದೇ ಗುಂಪಿನ ಬೇರೆ ಕ್ರಿಯಾಪದಗಳಲ್ಲಿ ಅಗಿಸ್, ಅಗಿತ್, ಅಗಿತಿಸ್ ಅಂತ ನಡುವೆ 'ಇ' ಇರುತ್ತದೆ. ಫೆರ್ಸ್, ಫೆರ್ತ್, ಫೆರ್ತಿಸ್‌ನಲ್ಲಿ ಮಾತ್ರ ಅದು ಮಾಯ. ನಾನು ಜಾಸ್ತಿ ತಪ್ಪು ಮಾಡಿದ್ದು ಅಲ್ಲೇ. ಫೆರೇಸ್ ಅಂತ ಎಳೆದರೆ ಭವಿಷ್ಯತ್ತು, 'ಹೊರುವೆ'.

ಭೂತಕಾಲ ಸಲೀಸು, ಎಲ್ಲ ಕ್ರಮಬದ್ಧ: ತುಲೀ, ತುಲಿಸ್ತೀ, ತುಲಿತ್, ತುಲಿಮುಸ್, ತುಲಿಸ್ತಿಸ್, ತುಲೇರುಂತ್.

ಲಾತುಮ್ ಮಾತ್ರ ತಲೆಗೆ ಹತ್ತದೆ ಸತಾಯಿಸುತ್ತಿತ್ತು. ಅದಕ್ಕೆ ಇಂಗ್ಲಿಷ್ ನೆರವಾಯಿತು. ಟ್ರಾನ್ಸ್‌ಫರ್ ಬಂದದ್ದು ಫೆರ್ರೆಯಿಂದ, ಟ್ರಾನ್ಸ್‌ಲೇಷನ್ ಅದೇ ಕ್ರಿಯಾಪದದ ಲಾತುಮ್‌ನಿಂದ. ರೆಫರ್ ಮತ್ತು ರಿಲೇಷನ್ ಕೂಡ ಹೀಗೇ ಜೋಡಿ. ಈಗ 'ಔಫೆರೋ, ಅಬ್ಸ್ತುಲೀ, ಅಬ್ಲಾತುಮ್' ಹತ್ತಿರ ಇದ್ದೇನೆ, 'ಹೊತ್ತೊಯ್ಯು' ಅಂತ ಅರ್ಥ. ಅಬ್ಸ್ತುಲೀ ಅನ್ನುವಾಗ ನಾಲಿಗೆ ಇನ್ನೂ ತೊಡರುತ್ತದೆ.